ನನ್ನ ಎಡಗಾಲಿನ ಮೇಲೆ ಹೊರಿಸಿದ ವಾಸನೆ

ಮೆಕ್ಯಾನಿಕ್ ಬಾನೆಟ್ ಎತ್ತುವ ಮುಂಚೆಯೇ ಕೇಳಿದ್ದು ಒಂದೇ ಪ್ರಶ್ನೆ. "ಓಡಿಸೋದು ಯಾರು ಸಾರ್?"

ಕಾರಿನಲ್ಲಿ ರಬ್ಬರ್ ಸುಟ್ಟ ವಾಸನೆ ಬರ್ತೈತೆ ಅಂತ ನಮ್ಮ ಮನೆಯವರು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ. ಉತ್ತರವಾಗಿ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ಮೆಕ್ಯಾನಿಕ್ ನನ್ನ ಮುಖ ಸಹ ನೋಡಲಿಲ್ಲ, ಸೀದಾ ನನ್ನ ಚಪ್ಪಲಿ ನೋಡಿದ. ಹಂಗಾದ್ರೆ ಕ್ಲಚ್ ಪ್ಲೇಟೇ ಬಿಡ್ರಿ, ಮೇಡಂನೋರು ಕ್ಲಚ್ ಮ್ಯಾಲೆ ಕಾಲಿಟ್ಕೊಂಡೇ ಓಡಿಸ್ತಿರ್ತಾರೆ, ಲೇಡೀಸೆಲ್ಲ ಹಂಗೇ ಅಂದ. ಆಮೇಲೆ ಕಾಟಾಚಾರಕ್ಕೆ ಕಾರು ತಗೊಂಡು ಗ್ಯಾರೇಜಿನ ಹಿಂದಿನ ಗಲ್ಲಿಯಲ್ಲಿ ಒಂದು ರೌಂಡು ಹೊಡೆದು ಬಂದ. ಈಗ ವಾಸನೆ ಐತೇನ್ರಿ, ಇಲ್ಲ ತಾನೆ, ನಾನು ಓಡಿಸಿದ್ನಲ್ಲ ಅದಕ್ಕೆ ಅಂದ. ಇಬ್ಬರೂ ನಕ್ಕರು. ನನಗೆ ಎಂಥಾ ಸಿಟ್ಟು ಬಂತೆಂದರೆ ಬಾಯಿಂದ ಮಾತೇ ಹೊರಡಲಿಲ್ಲ. ನಾನು ಮಾತಿಲ್ಲದೆ ನಿಲ್ಲುವುದು ಅಂದರೆ ಅದು ನಮ್ಮ ಮನೆಯಲ್ಲಿ ಸುದ್ದಿ. ಅವರು ಅದನ್ನು ಒಪ್ಪಿಗೆ ಅಂದುಕೊಂಡರು.

ನಾನು ಹರಿಹರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ, ಬೆಳಗಿನ ಹೊತ್ತು ವಿದ್ಯಾನಗರದ ಖಾಲಿ ರಸ್ತೆಗಳಲ್ಲಿ, ಹಾಸ್ಟೆಲ್ ಹುಡುಗರು ಹಲ್ಲುಜ್ಜುತ್ತಾ ನಿಂತು ನೋಡಿ ನಗುತ್ತಿದ್ದಾಗ. ಕಾರು ಮನೆಯದೇ. ಮಾವನವರದು, ಅತ್ತೆಯದು, ನಮ್ಮ ಮನೆಯವರದು, ನನ್ನದು. ಆದರೆ ಬೆಳಿಗ್ಗೆ ಸ್ಟೀರಿಂಗ್ ಹಿಡಿದು ಹಳೇ ಪಿ.ಬಿ. ರಸ್ತೆಗೆ ಬಿದ್ದೆನೆಂದರೆ ಹರಿಹರ ಮುಟ್ಟುವವರೆಗೂ ಚಟ್ನಿಗೆ ಉಪ್ಪು ಹಾಕಿದೆಯಾ, ಮಾತ್ರೆ ತಂದೆಯಾ, ಬರೋದು ಎಷ್ಟೊತ್ತು ಅಂತ ನನ್ನನ್ನು ಯಾರೂ ಕೇಳುವ ಹಾಗಿರಲಿಲ್ಲ. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಅದೊಂದು ಗಂಟೆ. ಹೋಗುವಾಗ ಅರ್ಧ, ಬರುವಾಗ ಅರ್ಧ. ಆ ಕೀ ನನ್ನ ಕೈಯಲ್ಲಿರುವುದು ನನಗೆ ಎಷ್ಟು ಬೇಕಿತ್ತು ಅನ್ನುವುದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ವಾಸನೆ ಶುರುವಾದದ್ದು ಸಂಕ್ರಾಂತಿ ಕಳೆದ ಮೇಲೆ, ಒಂದು ಸೋಮವಾರ. ಹಿಂದಿನ ದಿನ ಭಾನುವಾರ ನಾನು ಮನೆಯಲ್ಲೇ ಕೂತು ಪ್ರಾಕ್ಟಿಕಲ್ ರೆಕಾರ್ಡುಗಳನ್ನು ತಿದ್ದುತ್ತಿದ್ದೆ. ಉಳಿದ ಮೂವರೂ ಕಾರು ತಗೊಂಡು ಹದಡಿಗೆ ಹೋಗಿದ್ದರು. ಅಲ್ಲಿ ಮಾವನವರ ಹೊಲ ಇದೆ, ಚಾನಲ್ ನೀರು ಹತ್ತದ ದಿಬ್ಬದ ಮೇಲೆ ಅವರು ಪ್ರತಿ ವರ್ಷ ಹುರುಳಿ ಹಾಕಿಸುತ್ತಾರೆ. ಸಂಜೆ ಬಂದವರೇ ನಮ್ಮ ಮನೆಯವರು ಕಾರು ತೊಳೆದರು. ಹೌದು, ತೊಳೆದರು. ತಿಂದ ತಟ್ಟೆ ಎತ್ತದ ಮನುಷ್ಯ ಬಕೆಟ್ ಹಿಡಿದು, ಪೈಪು ಎಳೆದು, ಚಕ್ರದ ಸಂದಿಗೆಲ್ಲ ನೀರು ಬಿಟ್ಟು ತೊಳೆದರು. ನಾಳೆ ನೀನು ಕಾಲೇಜಿಗೆ ಹೋಗ್ಬೇಕಲ್ಲ, ಧೂಳಾಗಿತ್ತು ಅಂದರು. ನಾನು ಪೆದ್ದಿ, ಏಲಕ್ಕಿ ಹಾಕಿ ಚಹಾ ಮಾಡಿಕೊಟ್ಟೆ.

ಮರುದಿನ ಊರ ಹೊರಗೆ ದಾರಿಯಲ್ಲಿ ಸಿಗುವ ಬಾತಿ ಹಳ್ಳಿ ದಾಟುವವರೆಗೆ ಏನೂ ಇರಲಿಲ್ಲ. ಆಮೇಲೆ ಬಂತು. ಹಳೇ ಸೈಕಲ್ ಟೈರಿಗೆ ಬೆಂಕಿ ಹಾಕಿದರೆ ಬರುತ್ತದಲ್ಲ, ಅದೇ. ಹರಿಹರದಲ್ಲಿ ಇಳಿದಾಗ ಸೀರೆಗೇ ಮೆತ್ತಿಕೊಂಡ ಹಾಗಿತ್ತು. ಬಾನೆಟ್ ಎತ್ತಿ ನೋಡಿದೆ, ಏನೂ ಕಾಣಲಿಲ್ಲ. ಬೆಲ್ಟ್ ನೆಟ್ಟಗಿತ್ತು, ಬೆಲ್ಟ್ ಜಾರಿದರೆ ಬರುವ ಕೀಚಲು ಶಬ್ದವೂ ಇರಲಿಲ್ಲ. ಎ.ಸಿ. ಹಾಕಿ ನೋಡಿದೆ, ಆರಿಸಿ ನೋಡಿದೆ, ವ್ಯತ್ಯಾಸ ಇಲ್ಲ. ಸಂಜೆ ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ಅವತ್ತು ಹೊಸ ಹುರುಳಿಯ ಕಟ್ಟಿನ ಸಾರು. ಸಾರು ಸುರಿಯುತ್ತಲೇ ನಮ್ಮ ಮನೆಯವರು ತಲೆ ಎತ್ತದೆ ಹೇಳಿದರು, ಕ್ಲಚ್ ಮ್ಯಾಲೆ ಕಾಲಿಟ್ಕೊಂಡಿರ್ತೀಯ. ಮಾವನವರು ಹೌದೌದು ಅಂದರು. ಅತ್ತೆ ನನಗೆ ಇನ್ನೊಂದು ಸೌಟು ಬಡಿಸಿದರು. ನಾನು ಆ ಸಾರನ್ನು ಬಾಯಿ ಚಪ್ಪರಿಸಿ ಉಂಡೆ ಅನ್ನುವುದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಾನು ಆ ವಾರವೆಲ್ಲ ಹೆಂಗೆ ಓಡಿಸಿದೆ ಅಂತ ಕೇಳಿ. ಟಾಪ್ ಗೇರಿಗೆ ಬಿದ್ದ ಕೂಡಲೇ ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿನ ಬುಡಕ್ಕೆ ಮಡಚಿ ಇಟ್ಟುಕೊಳ್ಳುತ್ತಿದ್ದೆ. ಕಾಲು ಜೋಮು ಹಿಡಿಯುತ್ತಿತ್ತು. ಆದರೂ ವಾಸನೆ ಬಂತು. ಗಾಂಧಿ ಸರ್ಕಲ್ಲಿನ ಗಿಜಿಗಿಜಿಯಲ್ಲಿ, ಹತ್ತು ಸಲ ಕ್ಲಚ್ ಒತ್ತಿ ಬಿಡುವ ಕಡೆ ಬರುತ್ತಿರಲಿಲ್ಲ. ಊರು ಬಿಟ್ಟು, ನೆಟ್ಟಗಿನ ರಸ್ತೆಯಲ್ಲಿ, ಕಾಲು ಕ್ಲಚ್ಚಿನ ಹತ್ತಿರವೂ ಇಲ್ಲದಾಗ ಬರುತ್ತಿತ್ತು. ಕ್ಲಚ್ ಸುಡುವುದಾದರೆ ಇದು ಪೂರ್ತಿ ಉಲ್ಟಾ ಅಲ್ಲವೇ. ಇದನ್ನು ಮನೆಯಲ್ಲಿ ಹೇಳಿದೆ. ಲ್ಯಾಬಿನಲ್ಲಿ ಹುಡುಗರಿಗೆ ಟೆಸ್ಟ್ ಮಾಡುವ ಮುಂಚೆ ಕೊಟ್ಟದ್ದು ಯಾವ ಲವಣ ಅಂತ ಬರೆದರೆ ಮಾರ್ಕ್ಸ್ ಇಲ್ಲ ಅನ್ನುತ್ತೇನೆ, ನೀವು ನೋಡದೇ ಉತ್ತರ ಬರೀತಿದ್ದೀರಿ ಅಂದೆ. ಇಲ್ಲೂ ಪಾಠ ಮಾಡಬ್ಯಾಡ ಅಂದರು. ಗ್ಯಾರೇಜಿಗೆ ಕರೆದುಕೊಂಡು ಹೋದರು. ಅಲ್ಲಿ ಆದದ್ದನ್ನು ಆಗಲೇ ಹೇಳಿದ್ದೇನೆ.

ಗ್ಯಾರೇಜಿನಿಂದ ಬಂದ ಸಂಜೆ ಕೀ ನನ್ನ ಬ್ಯಾಗಿನಿಂದ ಮಾವನವರ ಕೋಣೆಯ ಮೊಳೆಗೆ ಹೋಯಿತು. ಜಗಳವಿಲ್ಲ, ಗದ್ದಲವಿಲ್ಲ. ಮದುವೆ ಸೀಜನ್ನು ಮುಗೀಲಿ, ಪ್ಲೇಟ್ ಬದಲಾಯಿಸೋಣ, ಅಲ್ಲೀತನಕ ಅದನ್ನ ಇನ್ನಷ್ಟು ಸುಡೋದು ಬ್ಯಾಡ ಅಂದರು ಮಾವನವರು, ಬಹಳ ಮೆತ್ತಗೆ. ನಮ್ಮ ಮನೆಯವರು ಸೇರಿಸಿದರು, "ಹರಿಹರಕ್ಕೆ ಐದು ನಿಮಿಷಕ್ಕೊಂದು ಬಸ್ ಐತೆ. ಕಾರೇ ಯಾಕ ಬೇಕು?"

ಐದು ನಿಮಿಷಕ್ಕೊಂದು ಬಸ್ ಇದೆ, ಸುಳ್ಳಲ್ಲ. ನಾನು ಅದರಲ್ಲೇ ಹೋದೆ. ಜೋತಾಡುವ ಕಂಬಿ ಹಿಡಿದುಕೊಂಡು, ಬೆನ್ನಿಗೆ ಯಾರದೋ ಟಿಫಿನ್ ಡಬ್ಬಿ ಒತ್ತಿಸಿಕೊಂಡು ಹೋದೆ. ಬಸ್ಸಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ವರ್ಷಗಟ್ಟಲೆ ಅದರಲ್ಲೇ ಓಡಾಡಿದವಳು ನಾನು. ಸಿಟ್ಟು ಬಂದದ್ದು ಇದಕ್ಕೆ: ಅತ್ತ ನಮ್ಮ ಮನೆಯವರು ಸ್ಕೂಟರ್ ಬಿಟ್ಟು ತಮ್ಮ ಅಂಗಡಿಗೆ ದಿನಾ ಕಾರಿನಲ್ಲಿ ಹೋಗತೊಡಗಿದರು. ಅವರು ಹೋದಾಗಲೂ ವಾಸನೆ ಬಂತು. ಯಾವಾಗಲೋ ವಸೂಲಿಗೆ ಹೊನ್ನಾಳಿ ಕಡೆ ಹೋಗಿ ಬಂದವರು ಮೂಗು ಹಿಡಿದುಕೊಂಡೇ ಇಳಿದರು. ಈಗಲಾದರೂ ಗೊತ್ತಾಯ್ತಾ ಅಂದೆ. ನೀನು ಆಗ್ಲೇ ಸುಟ್ಟಿಟ್ಟಿದ್ದೀಯಲ್ಲ, ಅದೇ ಪ್ಲೇಟ್ ನಾರ್ತೈತೆ ಅಂದರು. ನಾನು ಓಡಿಸಿದರೆ ನನ್ನ ಕಾಲು, ಅವರು ಓಡಿಸಿದರೂ ನನ್ನದೇ ಕಾಲು. ಇಂಥವರ ಹತ್ತಿರ ಗೆಲ್ಲುವುದಾದರೂ ಹೆಂಗೆ.

ಇನ್ನೂ ಒಂದು ಹೇಳಬೇಕು. ದಿನಾ ಅದೇ ಮಾತು ಕೇಳಿ ಕೇಳಿ ನನಗೂ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ನಿಂತಾಗ ಡ್ರೈವರನ ಎಡಗಾಲನ್ನೇ ನೋಡುತ್ತಾ ಹೋಗುತ್ತಿದ್ದೆ. ಬಹುಶಃ ನಾನು ಹಂಗೇ ಇಟ್ಟಿರ್ತೀನೇನೋ, ನನಗೇ ಗೊತ್ತಾಗದೆ ಕಾಲು ಹೋಗಿರ್ತೈತೇನೋ ಅಂತ. ಈ ಅನುಮಾನ ಹುಟ್ಟಿಸಿದ್ದಕ್ಕೆ ಅವರನ್ನು ಕ್ಷಮಿಸುವುದು ಇವತ್ತಿಗೂ ನನ್ನಿಂದ ಆಗಿಲ್ಲ.

ಮಾಘದಲ್ಲಿ ಹರಿಹರದಲ್ಲಿ ಒಂದು ಮದುವೆ ಬಂತು, ಅತ್ತೆಯ ತವರಿನ ಕಡೆಯದು. ನಾಲ್ವರೂ ಕಾರಿನಲ್ಲಿ ಹೊರಟೆವು. ನಮ್ಮ ಮನೆಯವರು ಓಡಿಸಿದರು, ಮಾವನವರು ಮುಂದೆ, ನಾವಿಬ್ಬರು ಹೆಂಗಸರು ಹಿಂದೆ. ಬಾತಿ ದಾಟಿತು, ವಾಸನೆ ಬಂತು. ಮಾವನವರು ಕಿಟಕಿ ಇಳಿಸಿದರು. ಕಲ್ಯಾಣ ಮಂಟಪದ ಮುಂದೆ ಕಾರು ನಿಲ್ಲಿಸಿದಾಗ ಬೀಗರ ಪೈಕಿ ಯಾರೋ ಹತ್ತಿರ ಬಂದು, ಏನ್ರಿ ಟೈರ್ ಸುಟ್ಟಂಗೆ ವಾಸನೆ ಅಂದರು. ನಮ್ಮ ಮನೆಯವರು ನಗುತ್ತಾ ಹೇಳಿದರು, ಕ್ಲಚ್ ಹೋಗೈತ್ರಿ, ನಮ್ಮ ಮನೆಯಾಕಿ ಡ್ರೈವಿಂಗ್ ಮಾಡ್ತಾಳಲ್ಲ.

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಮನೆಯೊಳಗೆ ಆಡಿಕೊಂಡದ್ದು ಸಾಲದು ಅಂತ ಈಗ ಮದುವೆ ಮನೆ ಬಾಗಿಲಿನಲ್ಲಿ. ಕೈಯಲ್ಲಿದ್ದ ಉಡುಗೊರೆ ಚೀಲವನ್ನು ಅತ್ತೆಯ ಕೈಗೆ ಕೊಟ್ಟೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕಾರಿನ ಸುತ್ತ ಒಂದೊಂದೇ ಚಕ್ರದ ಹತ್ತಿರ ಬಗ್ಗಿ ಮೂಸುತ್ತಾ ಹೋದೆ, ಲ್ಯಾಬಿನಲ್ಲಿ ಮಾಡುವ ಹಾಗೆ, ಕೈಯಲ್ಲಿ ಗಾಳಿ ಬೀಸಿಕೊಂಡು. ನಮ್ಮ ಮನೆಯವರು ಏಳು, ಎಲ್ಲರೂ ನೋಡ್ತಿದಾರೆ ಅಂದರು. ನೋಡಲಿ ಅಂದೆ. ಹಿಂದಿನ ಎರಡೂ ಚಕ್ರಗಳಲ್ಲಿ ಏನೂ ಇಲ್ಲ. ಮುಂದಿನ ಬಲಗಡೆ ಸ್ವಲ್ಪವೂ ಇಲ್ಲ. ಮುಂದಿನ ಎಡಗಡೆ ಬಂದಾಗ ಮೂಗಿಗೆ ಹೊಡೆಯಿತು, ಕಣ್ಣಲ್ಲಿ ನೀರು ಬರುವ ಹಾಗೆ. ಗೇರಿನ ಹತ್ತಿರ ಅಲ್ಲ, ಪೆಡಲಿನ ಹತ್ತಿರ ಅಲ್ಲ, ಚಕ್ರದ ಒಳಮೈಯಲ್ಲಿ.

ನೆಲಕ್ಕೆ ಮೊಣಕಾಲೂರಿ ಮೊಬೈಲಿನ ಟಾರ್ಚ್ ಹಾಕಿದೆ. ಇಂಜಿನ್ನಿನಿಂದ ಚಕ್ರಕ್ಕೆ ಒಂದು ಕಬ್ಬಿಣದ ಆಕ್ಸಲ್ ಹೋಗುತ್ತದೆ, ಅದರ ತುದಿಗೆ ಗ್ರೀಸ್ ತುಂಬಿದ ರಬ್ಬರ್ ಕವರ್ ಇರುತ್ತದೆ. ಆ ಆಕ್ಸಲ್ಲಿಗೆ ಏನೋ ಹಗ್ಗ ಸುತ್ತಿದ ಹಾಗೆ ಬಿಗಿಯಾಗಿ, ದಪ್ಪಗೆ, ಕರ್ರಗೆ ಸುತ್ತಿಕೊಂಡಿತ್ತು. ಅದು ರಬ್ಬರಿಗೆ ಉಜ್ಜಿ ಉಜ್ಜಿ ಕವರ್ ಹರಿದು ಕರಗಿತ್ತು. ಒಳಗಿನ ಗ್ರೀಸ್ ಚಿಮ್ಮಿ ಪಕ್ಕದ ಬಿಸಿ ಪೈಪಿಗೆಲ್ಲ ಮೆತ್ತಿ ಸುಟ್ಟಿತ್ತು. ಓಡಿದಷ್ಟೂ ಕಾಯುತ್ತದೆ, ಕಾದಷ್ಟೂ ನಾರುತ್ತದೆ, ಅದಕ್ಕೇ ಊರೊಳಗೆ ಬರುತ್ತಿರಲಿಲ್ಲ. ಇಂಜಿನ್ ಆರಿಸಿದ್ದಾರೋ ನೋಡಿಕೊಂಡು, ಬಿಸಿ ಪೈಪ್ ತಗಲದ ಹಾಗೆ ಕೈ ತೂರಿಸಿ ಒಂದು ಎಳೆ ಹಿಡಿದು ಜಗ್ಗಿದೆ. ಬರಲಿಲ್ಲ. ಇನ್ನೂ ಜಗ್ಗಿದೆ. ಒಂದು ಹಿಡಿ ಕಿತ್ತು ಬಂತು, ಮೊಣಕೈವರೆಗೆ ಗ್ರೀಸ್ ಸಮೇತ.

ಹಗ್ಗ ಅಲ್ಲ. ಒಣಗಿದ ಬಳ್ಳಿ. ಅದರ ನಡುವೆ ಚಪ್ಪಟೆ ಕಾಯಿ, ಕುಡುಗೋಲಿನ ಹಾಗೆ ಬಾಗಿದ್ದು. ಉಗುರಿನಲ್ಲಿ ಸೀಳಿದೆ. ಒಳಗಿಂದ ಹುರುಳಿ ಕಾಳು ಉದುರಿತು.

ನಮ್ಮ ಕಡೆಯ ರಸ್ತೆಗಳನ್ನು ಕಂಡವರಿಗೆ ಮುಂದಿನದು ಹೇಳಬೇಕಾಗಿಲ್ಲ. ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಕಿತ್ತ ಬೆಳೆಯನ್ನು ರಸ್ತೆಗೆ ಅಡ್ಡ ಹರವಿಬಿಡುತ್ತಾರೆ, ಹೋಗುವ ಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡಬೇಕು. ಹಿಂದಿನ ವರ್ಷ ನಮ್ಮ ಕಾಲೇಜಿನ ಒಬ್ಬ ಮೇಡಂ ಅಂಥ ಹುರುಳಿ ಹೊಟ್ಟಿನ ಮೇಲೆ ಸ್ಕೂಟಿ ಜಾರಿ ಬಿದ್ದು ಕೈ ಮುರಿದುಕೊಂಡರು. ಅವತ್ತು ಮನೆಗೆ ಬಂದು ನಾನು ಕೂಗಾಡಿದ್ದು ಅಕ್ಕಪಕ್ಕದವರಿಗೂ ಕೇಳಿಸಿರಬೇಕು. ರಸ್ತೆಯಲ್ಲಿ ಒಕ್ಕಣೆ ಮಾಡುವವರನ್ನು ಆ ಹೊಟ್ಟಿನ ಜೊತೆಗೇ ಕಟ್ಟಿ ಹಾಕಬೇಕು ಅಂದಿದ್ದೆ. ಮಾವನವರು ಪೇಪರ್ ಓದುತ್ತಾ ಹೌದವ್ವ, ತಪ್ಪೇ ಅಂದಿದ್ದರು.

ಗ್ರೀಸಿನ ಕೈಯನ್ನು ಹಾಗೇ ಮುಂದೆ ಚಾಚಿ ಎದ್ದು ನಿಂತೆ. ಇದು ಎಲ್ಲಿಂದ ಬಂತು ಅಂತ ಕೇಳಿದೆ. ನಮ್ಮ ಮನೆಯವರು ಕಾರಿನ ಕಡೆ ನೋಡಿದರು, ಮಂಟಪದ ಕಡೆ ನೋಡಿದರು, ನನ್ನ ಕಡೆ ಮಾತ್ರ ನೋಡಲಿಲ್ಲ. ಅದು ಹದಡಿ ರೋಡಿನಾಗೆ ಯಾರೋ ಹರವಿದ್ರು, ಹಾದು ಬಂದ್ವಿ ಅಂದರು. ಮಾವನವರು, ನಡೀರಿ ನಡೀರಿ, ಮುಹೂರ್ತ ಆಗ್ತೈತೆ ಅಂತ ಹೆಜ್ಜೆ ಕಿತ್ತರು.

ಅತ್ತೆ ಕದಲಲಿಲ್ಲ. ಉಡುಗೊರೆ ಚೀಲ ಎದೆಗವಚಿಕೊಂಡು ನಿಂತಲ್ಲೇ ನಿಂತು ಹೇಳಿದರು, "ಯಾರೋ ಅಲ್ಲ. ನಮ್ಮದೇ ಹುರುಳಿ. ಅವತ್ತು ಟ್ರ್ಯಾಕ್ಟರ್ ಸಿಗಲಿಲ್ಲ ಅಂತ ಈ ಕಾರನ್ನೇ ಅದರ ಮ್ಯಾಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದ್ರು. ಬಳ್ಳಿ ತಿರುವಿ ಹಾಕಿದಾಕಿ ನಾನು."

ಮಾವನವರು ನಿಂತರು. ಬೀಗರ ಕಡೆಯವರು ಮೆಲ್ಲಗೆ ಜಾರಿಕೊಂಡರು. ನನಗೆ ಆಗ ಬಕೆಟ್ ನೆನಪಾಯಿತು, ಪೈಪು ನೆನಪಾಯಿತು, ಏಲಕ್ಕಿ ಚಹಾ ನೆನಪಾಯಿತು. ಧೂಳು ತೊಳೆದದ್ದಲ್ಲ ಅವರು, ಹೊಟ್ಟು ತೊಳೆದದ್ದು. ಸೊಸೆ ಕೂಗಾಡ್ತಾಳೆ ಅಂತ ಮುಚ್ಚಿಟ್ಟರು. ಮುಚ್ಚಿಡಲಿ, ಹಾಳಾಗಲಿ. ಆದರೆ ವಾಸನೆ ಬಂದ ದಿನವಾದರೂ ಇವರಲ್ಲಿ ಒಬ್ಬರಿಗೂ ನಾವು ಮಾಡಿದ್ದರಿಂದ ಇರಬಹುದಾ ಅಂತ ಅನ್ನಿಸಲಿಲ್ಲವೇ? ಅದನ್ನೇ ಕೇಳಿದೆ. ನಮ್ಮ ಮನೆಯವರು, ಆಣೆ ಮಾಡಿ ಹೇಳ್ತೀನಿ, ಅದು ಇದಕ್ಕೇ ಅಂತ ಗೊತ್ತಿರಲಿಲ್ಲ ಅಂದರು. ನನಗೆ ಅದು ನಿಜ ಅನ್ನಿಸಿತು, ಮತ್ತು ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಬೇಕಂತ ಸುಳ್ಳು ಹೇಳಿದ್ದರೆ ಅದು ಬೇರೆ ಮಾತು. ಇವರು ಯೋಚನೆಯನ್ನೇ ಮಾಡಿರಲಿಲ್ಲ. ವಾಸನೆ ಬಂತು, ನನ್ನ ಕಾಲು ಕಣ್ಣೆದುರಿಗಿತ್ತು, ಮುಗಿಯಿತು.

ಕೀ ಕೊಡ್ರಿ ಅಂತ ಕೈ ಚಾಚಿದೆ. ಕೊಟ್ಟರು. ಅಕ್ಕಿಕಾಳು ಹಾಕುವುದಕ್ಕೂ ಒಳಗೆ ಹೋಗಲಿಲ್ಲ ನಾನು. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಒಂದು ಗ್ಯಾರೇಜು ಕಂಡಿತ್ತು, ಕಾರನ್ನು ನಿಧಾನಕ್ಕೆ ಅಲ್ಲಿಗೆ ಒಯ್ದೆ. ಅಲ್ಲಿನವನು ಯಾರು ಓಡಿಸೋದು ಅಂತ ಬಾಯಿ ತೆರೆಯುವ ಮುಂಚೆಯೇ ಎಡಗಡೆ ಆಕ್ಸಲ್ಲಿಗೆ ಹುರುಳಿ ಬಳ್ಳಿ ಸುತ್ತಿದೆ, ಚಕ್ರ ಬಿಚ್ಚು, ಕತ್ತರಿಸಿ ತೆಗಿ, ರಬ್ಬರ್ ಕವರ್ ಹೊಸದು ಹಾಕು, ಪೈಪಿನ ಗ್ರೀಸ್ ಒರೆಸು ಅಂದೆ. ಅವನು ಹಾಗೇ ಮಾಡಿದ. ಚಾಕುವಿನಲ್ಲಿ ಕೊಯ್ದು ಕೊಯ್ದು ತೆಗೆದ ಬಳ್ಳಿ ಒಂದು ಮಗುವಿನ ತಲೆದಿಂಬಿನಷ್ಟಾಯಿತು. ಕ್ಲಚ್ ಹೆಂಗೈತೆ ನೋಡು ಅಂತಲೂ ಹೇಳಿದೆ. ಓಡಿಸಿ ನೋಡಿ ಬಂದು, ಇದಕ್ಕೇನಾಗೈತೆ ಮೇಡಂ, ಚೆನ್ನಾಗೈತೆ ಅಂದ. ಈ ಮಾತನ್ನು ಅವನ ಹತ್ತಿರ ಎರಡು ಸಲ ಹೇಳಿಸಿಕೊಂಡೆ.

ಊಟ ಮುಗಿಸಿ ಮೂವರೂ ಮಂಟಪದ ಮುಂದೆ ನಿಂತಿದ್ದರು. ನಾನು ಇಳಿಯಲಿಲ್ಲ, ಹತ್ತಿಕೊಂಡರು. ಮುಂದಿನ ಸೀಟಿಗೆ ಮಾವನವರು ಕೈ ಹಾಕಿದಾಗ ಅತ್ತೆ ಕೂಡ್ತಾರೆ ಅಂದೆ. ಅತ್ತೆ ಒಂದು ಕ್ಷಣ ಗಾಬರಿಯಾದರು, ಆಮೇಲೆ ಸೀರೆ ಎತ್ತಿ ಹಿಡಿದು ಹತ್ತಿ ಕೂತರು. ದಾವಣಗೆರೆವರೆಗೆ ನಾನೇ ಓಡಿಸಿದೆ. ವಾಸನೆ ಬರಲಿಲ್ಲ. ಮನೆ ಗೇಟಿನ ಹತ್ತಿರ ತಿರುಗಿಸುವಾಗ ಹಿಂದಿನಿಂದ ಮಾವನವರ ದನಿ ಬಂತು, ಕ್ಲಚ್ ಪೂರ್ತಿ ಬಿಡವ್ವ. ನಾನು ಕಾರು ಅಲ್ಲೇ, ಗೇಟಿಗೆ ಅಡ್ಡ ನಿಲ್ಲಿಸಿ ಇಳಿದು ಹೋದೆ. ಆಮೇಲೆ ಯಾರು ಒಳಗೆ ತಂದರೋ ಗೊತ್ತಿಲ್ಲ. ಕೀ ಮಾತ್ರ ನನ್ನ ಬ್ಯಾಗಿಗೆ ವಾಪಸ್ ಬಂದಿತ್ತು, ಅತ್ತೆ ತಂದು ಹಾಕಿದ್ದರು.

ಮುಂದಿನ ಭಾನುವಾರ ನಮ್ಮ ಮನೆಯವರು ಹದಡಿಗೆ ಹೋಗಬೇಕು, ಕೀ ಕೊಡು ಅಂದರು. "ಹದಡಿಗೂ ಬಸ್ ಐತೆ" ಅಂದೆ. ಸ್ಕೂಟರ್ ಹತ್ತಿ ಹೋದರು. ತಪ್ಪಾಯಿತು ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ. ಆತು ಬಿಡು, ಸರಿ ಆತಲ್ಲ ಅಂದಿದ್ದಾರೆ.

ಕಾರು ಸರಿಯಾಯಿತು. ದಿನಾ ನಾನೇ ಒಯ್ಯುತ್ತೇನೆ. ಬಾತಿ ದಾಟುತ್ತದೆ, ಕಿಟಕಿಯಿಂದ ಒಳ್ಳೆ ಗಾಳಿ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಟಾಪ್ ಗೇರಿಗೆ ಬಿದ್ದ ಕೂಡಲೇ ನನ್ನ ಎಡಗಾಲು ತಾನಾಗೇ ಹಿಂದಕ್ಕೆ ಸರಿದು ಸೀಟಿನ ಬುಡಕ್ಕೆ ಮಡಚಿಕೊಳ್ಳುತ್ತದೆ. ಬ್ಯಾಡ ಅಂದರೂ ಕೇಳುವುದಿಲ್ಲ. ಹರಿಹರದಲ್ಲಿ ಇಳಿಯುವಾಗ ಅದು ಜೋಮು ಹಿಡಿದಿರುತ್ತದೆ, ನೆಲಕ್ಕೆ ಊರಲು ಬರುವುದಿಲ್ಲ. ಕಾರಿನ ಬಾಗಿಲು ಹಿಡಿದು ನಿಂತು ನಾನು ದಿನಾ ಬೆಳಿಗ್ಗೆ ಅವರನ್ನು ಬೈಯುತ್ತೇನೆ.